ಕುವೈತ್‌ನಿಂದ ತಂದ ಹೊಟ್ಟೆನೋವು, ತಿಂಗಳಿಗೆ ಮೂರು ಸಲ ಮೈಗ್ರೇನ್: ವಿಎ ರೇಟಿಂಗ್ ಯಾಕೆ ಕಮ್ಮಿ ಬಂತು?

ಪ್ರಶ್ನೆ: ನಮ್ಮ ಮನೆಯವರು ಮೈಸೂರಿನವರು. ಓದಲು ಅಮೆರಿಕಕ್ಕೆ ಬಂದು, ಹಿಂದಿ ಗೊತ್ತಿದ್ದರಿಂದ 2009ರಲ್ಲಿ ಮಾವ್ನಿ ಯೋಜನೆಯಲ್ಲಿ, ಅಂದರೆ ಬೇಕಾದ ಭಾಷೆ ಬಲ್ಲ ವಿದೇಶಿಯರನ್ನು ಸೇರಿಸಿಕೊಳ್ಳುವ ಯೋಜನೆಯಲ್ಲಿ, ಇಲ್ಲಿನ ಸೈನ್ಯ ಸೇರಿದರು. 2013ರಲ್ಲಿ ಒಂಬತ್ತು ತಿಂಗಳು ಕುವೈತ್‌ನಲ್ಲಿದ್ದರು. 2015ರಲ್ಲಿ ಸೇವೆ ಬಿಟ್ಟರು. ಕುವೈತ್‌ನಿಂದ ಬಂದಾಗಿನಿಂದ ಹೊಟ್ಟೆ ಸರಿಯಿಲ್ಲ. 2019ರಲ್ಲಿ ಕೊಲೊನೋಸ್ಕೋಪಿ ಮಾಡಿಸಿದರೆ ಎಲ್ಲಾ ನಾರ್ಮಲ್, ಇದು ಐಬಿಎಸ್, ಅಂದರೆ ಕರುಳಿನ ಕೆಲಸವೇ ಏರುಪೇರಾಗುವ ಕಾಯಿಲೆ, ಅಂದರು. ಎದೆಯುರಿಯೂ ಇದೆ. ತಲೆನೋವು ಸೈನ್ಯದಲ್ಲಿದ್ದಾಗಲೇ ಶುರುವಾದದ್ದು. ಈಗ ತಿಂಗಳಿಗೆ ಎರಡು ಮೂರು ಸಲ ಕತ್ತಲೆ ಕೋಣೆಯಲ್ಲಿ ಮಲಗಿಬಿಡುತ್ತಾರೆ. ಇದಕ್ಕೆ ವರ್ಷಗಟ್ಟಲೆ ಐಬುಪ್ರೊಫೆನ್ ನುಂಗಿದ್ದಾರೆ. ಸೇವೆಯಿಂದ ಬಂದ ಕಾಯಿಲೆಗೆ ಅದರ ತೀವ್ರತೆಯ ಶೇಕಡಾವಾರು ರೇಟಿಂಗ್ ನೋಡಿ ಪರಿಹಾರ ಕೊಡುವ ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ, ಅವರೇ ಅರ್ಜಿ ಹಾಕಿದ್ದರು. ಏಳು ತಿಂಗಳ ಹಿಂದೆ ಪತ್ರ ಬಂತು, ಅದರ ಪ್ರತಿ ಕಳಿಸಿದ್ದೇನೆ. ಕಿವಿಯ ಗುಂಯ್ ಶಬ್ದಕ್ಕೆ ಶೇಕಡಾ 10, ಮೈಗ್ರೇನ್‌ಗೆ ಶೇಕಡಾ 0, ‘ಗ್ಯಾಸ್ಟ್ರಿಕ್, ಆ್ಯಸಿಡ್ ರಿಫ್ಲಕ್ಸ್’ ತಿರಸ್ಕಾರ. ಕೆಲಸಕ್ಕೆ ಹೋಗುತ್ತಿರುವವರಿಗೆ ಇದೆಲ್ಲ ಸಿಗಲ್ಲ ಅಂತ ಸ್ನೇಹಿತರು ಹೇಳುತ್ತಾರೆ, ಹೌದಾ? ಸರಿಯಾದ ರೇಟಿಂಗ್ ಬಂದರೆ ಹಣದ ಲೆಕ್ಕ ಹೇಗೆ? ಡಿಸೆಂಬರ್‌ನಲ್ಲಿ ಎರಡು ತಿಂಗಳು ಮೈಸೂರಿಗೆ ಹೋಗಬೇಕು. ಅದಕ್ಕೆ ಏನಾದರೂ ತೊಂದರೆ ಆಗುತ್ತದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಸಮಾಧಾನದ ಮಾತು. ಈ ಕೇಸ್ ಕೈ ಬಿಟ್ಟು ಹೋಗಿಲ್ಲ. ನಿರ್ಧಾರದ ಪತ್ರ ಬಂದು ಏಳು ತಿಂಗಳಾಗಿದೆ ಅಂದರೆ ಇನ್ನೂ ಐದು ತಿಂಗಳು ನಿಮ್ಮ ಕೈಯಲ್ಲಿದೆ, ಅದು ದೊಡ್ಡ ವಿಷಯ, ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ಹನ್ನೊಂದು ವರ್ಷದಿಂದ ಮಾಜಿ ಸೈನಿಕರ ಕ್ಲೇಮ್ ಕೆಲಸವನ್ನೇ ಮಾಡುತ್ತಿದ್ದೇನೆ. ನಮ್ಮ ಕಡೆಯವರ ಅರ್ಜಿಗಳಲ್ಲಿ ಪದೇ ಪದೇ ಕಾಣುವ ಎರಡು ತೊಡಕುಗಳು ನಿಮ್ಮ ಮನೆಯವರ ಅರ್ಜಿಯಲ್ಲೂ ಇವೆ. ಒಂದು, ಕಾಯಿಲೆಗೆ ಕೊಟ್ಟ ಹೆಸರು. ಇನ್ನೊಂದು, ಕಾಯಿಲೆಯನ್ನು ಹೇಳಿಕೊಂಡ ರೀತಿ.

ಹೊಟ್ಟೆಯಿಂದಲೇ ಶುರು ಮಾಡೋಣ.

ನಮ್ಮಲ್ಲಿ ಹೊಟ್ಟೆಯ ಎಲ್ಲಾ ತೊಂದರೆಗೂ ಗ್ಯಾಸ್ಟ್ರಿಕ್ ಅಂತಲೇ ಹೆಸರು. ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ನಾಲ್ಕು ಸಲ ಟಾಯ್ಲೆಟ್‌ಗೆ ಓಡಿದರೂ ಗ್ಯಾಸ್ಟ್ರಿಕ್. ಮನೆಯಲ್ಲಿ ಇದು ನಡೆಯುತ್ತದೆ. ವಿಎ ಅರ್ಜಿಯಲ್ಲಿ ನಡೆಯುವುದಿಲ್ಲ. ನಿಮ್ಮ ಮನೆಯವರು ‘ಆ್ಯಸಿಡ್ ರಿಫ್ಲಕ್ಸ್’ ಅಂತ ಬರೆದರು. ಅಲ್ಲಿನವರು ಅದನ್ನು ಜಿಇಆರ್‌ಡಿ ಅಂತ ತೆಗೆದುಕೊಂಡರು. ಅನ್ನನಾಳಕ್ಕೆ ಆಮ್ಲ ಏರಿ ಬರುವ ಕಾಯಿಲೆ ಅದು. ಸೇವೆಯಲ್ಲಿದ್ದಾಗ ಅದಕ್ಕೆ ಚಿಕಿತ್ಸೆ ಪಡೆದ ದಾಖಲೆ ಹುಡುಕಿದರು, ಸಿಗಲಿಲ್ಲ, ಇಲ್ಲ ಅಂದರು. ಆದರೆ ಅವರಿಗೆ ಡಾಕ್ಟರ್ ಹೇಳಿದ ಕಾಯಿಲೆ ಐಬಿಎಸ್. ಈ ಎರಡೂ ಕಾಯಿಲೆಗಳಿಗೆ ಕಾನೂನಿನ ದಾರಿ ಬೇರೆ ಬೇರೆ, ಅಜಗಜಾಂತರ ವ್ಯತ್ಯಾಸ.

ಸಾಮಾನ್ಯವಾಗಿ ಯಾವ ಕ್ಲೇಮ್‌ಗಾದರೂ ಮೂರು ವಿಷಯ ತೋರಿಸಬೇಕು. ಈಗ ಕಾಯಿಲೆ ಇದೆ. ಸೇವೆಯಲ್ಲಿದ್ದಾಗ ಏನೋ ಆಯಿತು. ಆ ಎರಡಕ್ಕೂ ಸಂಬಂಧ ಇದೆ. ಈ ಮೂರನೆಯದ್ದೇ ಕಷ್ಟ, ಅದಕ್ಕೆ ಡಾಕ್ಟರ ಅಭಿಪ್ರಾಯ ಬೇಕಾಗುತ್ತದೆ. ಆದರೆ ಗಲ್ಫ್ ಪ್ರದೇಶದಲ್ಲಿ ಸೇವೆ ಮಾಡಿದವರಿಗೆ ಕಾನೂನು ಒಂದು ವಿನಾಯಿತಿ ಕೊಟ್ಟಿದೆ. 1990ರ ಆಗಸ್ಟ್ 2ರಿಂದ ಈಚೆಗೆ ಇರಾಕ್, ಕುವೈತ್, ಸೌದಿ, ಬಹ್ರೇನ್, ಕತಾರ್, ಯುಎಇ, ಒಮಾನ್ ಇಂಥ ಕಡೆ ಇದ್ದವರಿಗೆ ಕೆಲವು ದೀರ್ಘಕಾಲದ ಕಾಯಿಲೆಗಳು ಬಂದರೆ ಅವು ಸೇವೆಯಿಂದಲೇ ಬಂದವು ಅಂತ ಮೊದಲೇ ಒಪ್ಪಿಕೊಳ್ಳಬೇಕು. ಸಂಬಂಧ ಸಾಬೀತು ಮಾಡುವ ಹೊರೆ ಅವರ ಮೇಲೆ ಇಲ್ಲ. 2022ರ ಆಗಸ್ಟ್ 10ರಂದು ಸಹಿ ಆದ ಪ್ಯಾಕ್ಟ್ ಕಾಯ್ದೆ ಈ ಪಟ್ಟಿಗೆ ಅಫ್ಘಾನಿಸ್ತಾನ, ಸಿರಿಯಾ, ಜೋರ್ಡಾನ್, ಈಜಿಪ್ಟ್, ಇಸ್ರೇಲ್, ಟರ್ಕಿಯನ್ನೂ ಸೇರಿಸಿತು. ಇಂಥ ದಿನಾಂಕದೊಳಗೆ ಕಾಯಿಲೆ ಕಾಣಿಸಿಕೊಳ್ಳಬೇಕು, ಅದೂ ಕನಿಷ್ಠ ಶೇಕಡಾ 10ರಷ್ಟು ಇರಬೇಕು ಅಂತ ಮುಂಚೆ ಇದ್ದ ಷರತ್ತನ್ನೂ ತೆಗೆದುಹಾಕಿತು. ಈಗ ಯಾವಾಗ ಕಾಣಿಸಿಕೊಂಡರೂ ಆಯಿತು, ಎಷ್ಟು ಇದ್ದರೂ ಆಯಿತು. ಆರು ತಿಂಗಳಿಂದ ಇರಬೇಕು, ಅಷ್ಟೇ.

ಆ ಕಾಯಿಲೆಗಳ ಗುಂಪಿನಲ್ಲಿ ಫಂಕ್ಷನಲ್ ಜಠರ ಕರುಳಿನ ಕಾಯಿಲೆಗಳೂ ಸೇರಿವೆ. ಅಂದರೆ ಸ್ಕೋಪಿಯಲ್ಲಿ, ಸ್ಕ್ಯಾನ್‌ನಲ್ಲಿ ಹುಣ್ಣು ಗಂಟು ಏನೂ ಕಾಣದೆ, ಆದರೂ ಕರುಳು ಕೆಲಸ ಮಾಡುವ ರೀತಿಯೇ ಕೆಟ್ಟಿರುವ ಕಾಯಿಲೆಗಳು. ಐಬಿಎಸ್ ಅದರಲ್ಲಿ ಮೊದಲನೆಯದು. ಜಿಇಆರ್‌ಡಿ ಆ ಗುಂಪಿನಲ್ಲಿ ಇಲ್ಲ. ನಿಮ್ಮ ಮನೆಯವರು ಕೊಲೊನೋಸ್ಕೋಪಿ ನಾರ್ಮಲ್ ಬಂತಲ್ಲ, ಇನ್ನೇನು ತೋರಿಸೋದು ಅಂತ ಆ ರಿಪೋರ್ಟ್ ಕೊಡದೇ ಇದ್ದಿರಬಹುದು. ತುಂಬಾ ಜನ ಹಾಗೇ ಮಾಡುತ್ತಾರೆ. ಇಲ್ಲಿ ಆ ನಾರ್ಮಲ್ ರಿಪೋರ್ಟೇ ಅವರ ಪರವಾದ ಕಾಗದ. ಬೇರೆ ಕಾಯಿಲೆ ಇಲ್ಲ, ಇದು ಐಬಿಎಸ್ಸೇ ಅಂತ ಡಾಕ್ಟರ್ ತೀರ್ಮಾನಕ್ಕೆ ಬಂದದ್ದು ಅದನ್ನು ನೋಡಿಯೇ ಅಲ್ವಾ. 2019ರ ಆ ರಿಪೋರ್ಟ್, ಡಾಕ್ಟರ ನೋಟ್ಸ್, ಕುವೈತ್‌ನಲ್ಲಿ ಇದ್ದದ್ದನ್ನು ತೋರಿಸುವ, ಸೇವೆ ಬಿಡುವಾಗ ಕೊಡುವ ಡಿಡಿ-214 ಕಾಗದ, ಈ ಮೂರು ಇದ್ದರೆ ಸೇವೆಯ ಸಂಬಂಧ ಒಪ್ಪಿಗೆಯಾಗುವುದು ಕಷ್ಟವಾಗಬಾರದು.

ಈಗ ರೇಟಿಂಗ್ ಎಷ್ಟು ಅನ್ನುವುದು. ಹೊಟ್ಟೆ ಕಾಯಿಲೆಗಳ ಅಳತೆ 2024ರ ಮೇ 19ರಿಂದ ಬದಲಾಗಿದೆ, ಹಳೇ ಲೆಕ್ಕ ಹೇಳುವವರ ಮಾತು ಕೇಳಬೇಡಿ. ಮುಂಚೆ ಐಬಿಎಸ್‌ಗೆ ಸ್ವಲ್ಪ, ಮಧ್ಯಮ, ತೀವ್ರ ಅಂತ ಅಳೆಯುತ್ತಿದ್ದರು. ಈಗ ದಿನ ಎಣಿಸುತ್ತಾರೆ. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಕನಿಷ್ಠ ಒಂದು ದಿನ, ಟಾಯ್ಲೆಟ್‌ಗೆ ಹೋಗುವುದಕ್ಕೆ ಸಂಬಂಧಪಟ್ಟ ಹೊಟ್ಟೆನೋವು ಇದ್ದರೆ ಶೇಕಡಾ 30. ತಿಂಗಳಿಗೆ ಕನಿಷ್ಠ ಮೂರು ದಿನ ಇದ್ದರೆ 20. ಮೂರು ತಿಂಗಳಲ್ಲಿ ಒಂದು ಸಲವಾದರೂ ಇದ್ದರೆ 10. ನೋವಿನ ಜೊತೆಗೆ ಇನ್ನೆರಡು ಲಕ್ಷಣ ಇರಲೇಬೇಕು. ಎಷ್ಟು ಸಲ ಹೋಗಬೇಕಾಗುತ್ತದೆ ಅನ್ನುವುದರಲ್ಲಿ ಏರುಪೇರು, ಮಲ ನೀರಾಗುವುದೋ ಗಟ್ಟಿಯಾಗುವುದೋ, ತಿಣುಕಬೇಕಾಗುವುದು ಅಥವಾ ತಡೆಯಲಾಗದೆ ಓಡಬೇಕಾಗುವುದು, ಲೋಳೆ ಹೋಗುವುದು, ಹೊಟ್ಟೆ ಉಬ್ಬರ, ಹೊಟ್ಟೆ ಬಿಗಿದುಕೊಂಡ ಹಾಗೆ ಅನ್ನಿಸುವುದು, ಇವುಗಳಲ್ಲಿ ಯಾವುದಾದರೂ ಎರಡು.

ಗಮನಿಸಿ, ‘ಟಾಯ್ಲೆಟ್‌ಗೆ ಹೋಗುವುದಕ್ಕೆ ಸಂಬಂಧಪಟ್ಟ’ ನೋವು ಅಂತ ನಿಯಮ ಹೇಳುತ್ತದೆ. ಬರೀ ‘ಹೊಟ್ಟೆನೋವು’ ಅಂದರೆ ಸಾಲದು. ಹೋಗುವ ಮುಂಚೆ ಹೊಟ್ಟೆ ನುಲಿಯುತ್ತದಾ, ಹೋಗಿ ಬಂದ ಮೇಲೆ ಕಮ್ಮಿಯಾಗುತ್ತದಾ, ಇಲ್ಲಾ ಜಾಸ್ತಿಯಾಗುತ್ತದಾ, ಇದನ್ನು ಬಿಡಿಸಿ ಹೇಳಬೇಕು. ನಮ್ಮವರಿಗೆ ಇದು ನಾಚಿಕೆಯ ವಿಷಯ, ನನಗೆ ಗೊತ್ತು. ಹೆಂಡತಿಯ ಹತ್ತಿರವೂ ಬಿಡಿಸಿ ಹೇಳಿರುವುದಿಲ್ಲ, ಇನ್ನು ಗುರುತಿಲ್ಲದ ಡಾಕ್ಟರ ಮುಂದೆ ಹೇಗೆ ಹೇಳುತ್ತಾರೆ. ‘ಸ್ಟಮಕ್ ಅಪ್‌ಸೆಟ್’ ಅಂದು ಸುಮ್ಮನಾಗುತ್ತಾರೆ. ಆ ಎರಡು ಪದಕ್ಕೆ ಸಿಗುವುದು ಶೇಕಡಾ 0.

ಇದನ್ನು ಹೊಸ ಕ್ಲೇಮ್ ಆಗಿ 21-526ಇಝಡ್ ಫಾರ್ಮ್‌ನಲ್ಲಿ ಹಾಕಿ. ಇವತ್ತೇ, ಅಂದರೆ ನಿಜವಾಗಿಯೂ ಇವತ್ತೇ, 21-0966 ಫಾರ್ಮ್ ಕಳಿಸಿಬಿಡಿ. ಅದಕ್ಕೆ ‘ಇಂಟೆಂಟ್ ಟು ಫೈಲ್’ ಅನ್ನುತ್ತಾರೆ. ಅರ್ಜಿ ಹಾಕುವ ಉದ್ದೇಶ ಇದೆ ಅಂತ ತಿಳಿಸುವ ಒಂದು ಪುಟ್ಟ ಕಾಗದ. ಅದು ಸೇರಿದ ದಿನವೇ ನಿಮ್ಮ ದಿನಾಂಕ ಅಂತ ಗಟ್ಟಿಯಾಗುತ್ತದೆ, ಪೂರ್ತಿ ಅರ್ಜಿ ಒಂದು ವರ್ಷದೊಳಗೆ ಕೊಟ್ಟರೆ ಸಾಕು, ಮುಂದೆ ಒಪ್ಪಿಗೆಯಾದಾಗ ಹಣವನ್ನು ಆ ದಿನದಿಂದ ಲೆಕ್ಕ ಹಾಕುತ್ತಾರೆ. ಕಾಗದಪತ್ರ ಎಲ್ಲಾ ಸೇರಿಸಿಕೊಂಡು ಆಮೇಲೆ ಹಾಕೋಣ ಅಂತ ಕಾಯ್ದವರು ಎಷ್ಟೋ ತಿಂಗಳ ಹಣ ಸುಮ್ನೆ ಕಳೆದುಕೊಂಡಿದ್ದಾರೆ. ಅರ್ಜಿಯ ಜೊತೆಗೆ ಒಂದು ಸಾಲು ಬರೆಯಿರಿ, ಮುಂಚೆ ರಿಫ್ಲಕ್ಸ್ ಅಂತ ಹೇಳಿದ್ದು ಇದೇ ಹೊಟ್ಟೆಯ ತೊಂದರೆಯನ್ನೇ ಅಂತ. ಹಳೇ ಅರ್ಜಿಯ ದಿನಾಂಕ ಸಿಗುವ ಸಾಧ್ಯತೆ ಇದೆಯಾ ಅಂತ ನಿಮ್ಮ ಪ್ರತಿನಿಧಿ ನೋಡಬಹುದು.

ಹಾಗಾದರೆ ನಿಜವಾದ ಎದೆಯುರಿ? ಅದೂ ಇದೆ ಅಂತ ಬರೆದಿದ್ದೀರಿ. ಹೊಸ ನಿಯಮದಲ್ಲಿ ಜಿಇಆರ್‌ಡಿಯ ಅಳತೆ ಪೂರ್ತಿ ಅನ್ನನಾಳ ಎಷ್ಟು ಕಿರಿದಾಗಿದೆ, ನುಂಗಲು ಎಷ್ಟು ಕಷ್ಟ, ಅದನ್ನು ವರ್ಷಕ್ಕೆ ಎಷ್ಟು ಸಲ ಹಿಗ್ಗಿಸಬೇಕಾಯಿತು ಅನ್ನುವುದರ ಮೇಲೆ ನಿಂತಿದೆ. ಬರೀ ಉರಿ ಇದ್ದವರಿಗೆ ಹೆಚ್ಚಿನ ರೇಟಿಂಗ್ ಬರುವುದಿಲ್ಲ. ಒಂದು ದಾರಿ ಮಾತ್ರ ಇದೆ. ಅವರು ತಲೆನೋವಿಗೆ ವರ್ಷಗಟ್ಟಲೆ ಐಬುಪ್ರೊಫೆನ್ ನುಂಗಿದ್ದಾರೆ ಅಂತ ಹೇಳಿದ್ದೀರಿ. ತಲೆನೋವು ಸೇವೆಗೆ ಸಂಬಂಧಪಟ್ಟದ್ದು ಅಂತ ಆಗಲೇ ಒಪ್ಪಿದ್ದಾರೆ. ಒಪ್ಪಿದ ಕಾಯಿಲೆಗೆ ತೆಗೆದುಕೊಂಡ ಮಾತ್ರೆಯಿಂದ ಇನ್ನೊಂದು ಕಾಯಿಲೆ ಬಂದರೆ, ಇಲ್ಲವೇ ಇದ್ದದ್ದು ಹೆಚ್ಚಾದರೆ, ಅದನ್ನೂ ಒಪ್ಪಬೇಕು, ಇದಕ್ಕೆ ಸೆಕೆಂಡರಿ ಅನ್ನುತ್ತಾರೆ. ಆಗ ಡಾಕ್ಟರ್ ಬರೆದುಕೊಡಬೇಕು, ಈ ಮಾತ್ರೆಯಿಂದಲೇ ಆಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಅಂತ. ಖಚಿತವಾಗಿ ಹೀಗೇ ಅಂತ ಹೇಳಬೇಕಾಗಿಲ್ಲ, ಪರ ವಿರೋಧ ಎರಡೂ ಸಮ ಇದ್ದಾಗ ಅನುಮಾನದ ಲಾಭ ಸೈನಿಕನಿಗೇ ಹೋಗಬೇಕು ಅಂತ ಕಾನೂನಿದೆ. ಇದನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಐಬಿಎಸ್ ಮತ್ತು ಮೈಗ್ರೇನ್. ಇನ್ನೊಂದು ಮಾತು, ಒಂದೇ ಲಕ್ಷಣವನ್ನು ಎರಡು ಕಾಯಿಲೆಯ ಲೆಕ್ಕದಲ್ಲಿ ಎರಡು ಸಲ ಎಣಿಸುವುದಿಲ್ಲ. ಹೊಟ್ಟೆ ಉಬ್ಬರವನ್ನು ಐಬಿಎಸ್‌ನಲ್ಲಿ ಹೇಳಿದರೆ ಅಲ್ಲಿಗೆ ಮುಗಿಯಿತು.

ಈಗ ತಲೆನೋವು. ಶೇಕಡಾ 0 ಅಂದರೆ ತಿರಸ್ಕಾರ ಅಂತ ನೀವು ತಿಳಿದಿದ್ದೀರಿ, ಹಾಗಲ್ಲ. ಈ ಕಾಯಿಲೆ ಸೇವೆಯಿಂದ ಬಂದದ್ದು ಹೌದು, ಆದರೆ ಹಣ ಕೊಡುವಷ್ಟು ತೀವ್ರವಾಗಿದೆ ಅಂತ ದಾಖಲೆಯಲ್ಲಿ ಕಾಣುತ್ತಿಲ್ಲ ಅನ್ನುವುದು ಅದರ ಅರ್ಥ. ಕಷ್ಟದ ಅರ್ಧ ದಾರಿ ಅವರು ಆಗಲೇ ದಾಟಿದ್ದಾರೆ. ಇನ್ನು ಉಳಿದದ್ದು ತೀವ್ರತೆ ಎಷ್ಟು ಅಂತ ತೋರಿಸುವುದು.

ಮೈಗ್ರೇನ್‌ಗೆ ನಾಲ್ಕೇ ಮೆಟ್ಟಿಲು. 0, 10, 30, 50. ಅದಕ್ಕಿಂತ ಮೇಲೆ ಇಲ್ಲ. ಇಡೀ ಅಳತೆ ‘ಪ್ರಾಸ್ಟ್ರೇಟಿಂಗ್’ ಅನ್ನುವ ಒಂದು ಪದದ ಮೇಲೆ ನಿಂತಿದೆ. ಕನ್ನಡದಲ್ಲಿ ಹೇಳುವುದಾದರೆ ಹಾಸಿಗೆ ಹಿಡಿಸುವಂಥ ತಲೆನೋವು. ತಲೆ ಸಿಡಿಯುತ್ತಿದ್ದರೂ ಮೀಟಿಂಗ್‌ನಲ್ಲಿ ಕೂತಿದ್ದರೆ ಅದು ಲೆಕ್ಕಕ್ಕಿಲ್ಲ. ಎಲ್ಲಾ ಬಿಟ್ಟು ಮಲಗಲೇಬೇಕಾಯಿತು, ದಿನದ ಮಾಮೂಲಿ ಕೆಲಸ ಯಾವುದೂ ಆಗಲಿಲ್ಲ ಅಂದರೆ ಅದು ಲೆಕ್ಕಕ್ಕೆ. ಅಂಥದ್ದು ಕಳೆದ ಕೆಲವು ತಿಂಗಳಲ್ಲಿ ಸರಾಸರಿ ಎರಡು ತಿಂಗಳಿಗೆ ಒಂದು ಬಂದರೆ 10. ತಿಂಗಳಿಗೆ ಒಂದು ಬಂದರೆ 30. ತುಂಬಾ ಸಲ ಬಂದು, ಪೂರ್ತಿ ಕೆಡವಿಹಾಕಿ, ಬಹಳ ಹೊತ್ತು ಇದ್ದು, ಸಂಪಾದನೆಗೆ ತೀವ್ರ ಪೆಟ್ಟು ಕೊಡುವಂತಿದ್ದರೆ 50.

ನೀವು ಬರೆದ ಪ್ರಕಾರ ತಿಂಗಳಿಗೆ ಎರಡು ಮೂರು ಸಲ. ಅಂದರೆ 30ಕ್ಕೆ ಸಾಕಷ್ಟು, 50ಕ್ಕೂ ಕೇಳಬಹುದು. ಹಾಗಿದ್ದರೆ 0 ಯಾಕೆ ಬಂತು? ನೀವು ಕಳಿಸಿದ ಪತ್ರದ ಪ್ರತಿಯಲ್ಲೇ ಉತ್ತರ ಇದೆ. ಪರೀಕ್ಷೆ ಮಾಡಿದ ಡಾಕ್ಟರ ಟಿಪ್ಪಣಿಯಲ್ಲಿ ‘ಮಾತ್ರೆಯಿಂದ ನಿಭಾಯಿಸುತ್ತಾರೆ, ಪೂರ್ಣಾವಧಿ ಕೆಲಸದಲ್ಲಿದ್ದಾರೆ, ಪ್ರಾಸ್ಟ್ರೇಟಿಂಗ್ ದಾಳಿಗಳಿಲ್ಲ’ ಅಂತಿದೆ. ಅವರು ಅಲ್ಲಿ ಏನು ಹೇಳಿರಬಹುದು ಅಂತ ನನಗೆ ಊಹಿಸುವುದು ಕಷ್ಟವಲ್ಲ. ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀನಿ. ತಲೆನೋವು ಹೇಗಿದೆ ಅಂದರೆ ಪರವಾಗಿಲ್ಲ, ಅಡ್ಜಸ್ಟ್ ಮಾಡಿಕೊಂಡು ಹೋಗ್ತಿದ್ದೀನಿ. ಕೆಲಸಕ್ಕೆ ತೊಂದರೆ ಆಗುತ್ತಾ ಅಂದರೆ ಹೇಗೋ ಮಾಡ್ತೀನಿ. ನಾವು ಬೆಳೆದದ್ದೇ ಹಾಗೆ. ಕಷ್ಟ ಹೇಳಿಕೊಂಡರೆ ಸಣ್ಣವರಾಗುತ್ತೇವೆ ಅಂತ. ಸೈನ್ಯದಲ್ಲಿ ಅದಕ್ಕೆ ಇನ್ನಷ್ಟು ನೀರೆರೆದಿರುತ್ತಾರೆ. ಕೆಲವು ವರ್ಷದ ಹಿಂದೆ ನೌಕಾದಳದಲ್ಲಿದ್ದ ಒಬ್ಬರು ನನ್ನ ಹತ್ತಿರ ಬಂದಿದ್ದರು. ಪರೀಕ್ಷೆಯ ದಿನ ಬೆಳಗ್ಗೆ ಮೈಗ್ರೇನ್ ಬಂದು ದಾರಿಯಲ್ಲಿ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡು, ಮುಖ ತೊಳೆದು, ಶರ್ಟ್ ಸರಿ ಮಾಡಿಕೊಂಡು ಒಳಗೆ ಹೋಗಿ ‘ಐ ಯಾಮ್ ಫೈನ್’ ಅಂದಿದ್ದರು. ಟಿಪ್ಪಣಿಯಲ್ಲಿ ಬಂದದ್ದೂ ಅದೇ. ಆ ಮನುಷ್ಯ ಒಂದು ಸುಳ್ಳೂ ಹೇಳಿರಲಿಲ್ಲ, ಅವರಿಗೆ ಅದೇ ಅಭ್ಯಾಸ.

ಸತ್ಯಕ್ಕಿಂತ ಒಂದು ಕೂದಲೆಳೆ ಜಾಸ್ತಿ ಹೇಳಬೇಡಿ. ಹಾಗೇ ಒಂದು ಕೂದಲೆಳೆ ಕಮ್ಮಿಯೂ ಹೇಳಬೇಡಿ. ಕೆಟ್ಟ ದಿನ ಹೇಗಿರುತ್ತದೆ ಅಂತ ಕೇಳಿದಾಗ ಕೆಟ್ಟ ದಿನವನ್ನೇ ಹೇಳಬೇಕು, ಪರೀಕ್ಷೆಗೆ ಹೋದ ಒಳ್ಳೆಯ ದಿನವನ್ನಲ್ಲ.

ಕೆಲಸದ ವಿಷಯ. ಕೆಲಸದಲ್ಲಿರುವವರಿಗೆ ಸಿಗಲ್ಲ ಅನ್ನುವುದು ತಪ್ಪು. 50ಕ್ಕೆ ಬೇಕಾದ ‘ಸಂಪಾದನೆಗೆ ಪೆಟ್ಟು’ ಅಂದರೆ ಕೆಲಸ ಕಳೆದುಕೊಂಡಿರಲೇಬೇಕು ಅಂತ ಅಲ್ಲ. ಪಿಯರ್ಸ್ ವರ್ಸಸ್ ಪ್ರಿನ್ಸಿಪಿ ಅನ್ನುವ 2004ರ ಕೇಸಿನಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿದೆ. ಅಂಥ ಪೆಟ್ಟು ಕೊಟ್ಟಿರುವ ತಲೆನೋವಷ್ಟೇ ಅಲ್ಲ, ಅಂಥ ಪೆಟ್ಟು ಕೊಡಬಲ್ಲ ತಲೆನೋವೂ ಇದರಲ್ಲಿ ಸೇರಬಹುದು. ದುಡಿಯಲು ಸಾಧ್ಯವೇ ಇಲ್ಲದವರಿಗೆ ಬೇರೆ ವ್ಯವಸ್ಥೆಯೇ ಇದೆಯಲ್ಲ. ಟಿಡಿಐಯು ಅಂತ, ರೇಟಿಂಗ್ 100 ಇಲ್ಲದಿದ್ದರೂ 100ರ ಹಣ ಕೊಡುವ ವ್ಯವಸ್ಥೆ. ನಿಮ್ಮ ಮನೆಯವರು ಕೆಲಸದಲ್ಲಿರುವುದರಿಂದ ಸದ್ಯಕ್ಕೆ ಅದು ಬೇಡ. ಆದರೆ ಎಷ್ಟು ದಿನ ರಜೆ ಹಾಕಿದ್ದಾರೆ, ಎಷ್ಟು ಸಲ ಅರ್ಧ ದಿನಕ್ಕೆ ಮನೆಗೆ ಬಂದಿದ್ದಾರೆ, ಪ್ರಮೋಷನ್ ಬೇಡ ಅಂದದ್ದೇನಾದರೂ ಇದೆಯಾ, ಆಫೀಸಿನಲ್ಲಿ ದೀಪ ಆರಿಸಿ ಕೂರಲು ಬಿಟ್ಟಿದ್ದಾರಾ, ಇದೆಲ್ಲ ಬೇಕು. ಎಫ್‌ಎಂಎಲ್‌ಎ ರಜೆ (ಕಾಯಿಲೆಗೆ ಕಾನೂನು ಪ್ರಕಾರ ಸಿಗುವ ರಜೆ) ತೆಗೆದುಕೊಂಡಿದ್ದರೆ ಡಾಕ್ಟರ್ ಸಹಿ ಮಾಡಿದ ಅದರ ಕಾಗದವೇ ಒಳ್ಳೆಯ ಸಾಕ್ಷಿ. ರಜೆಯ ದಾಖಲೆಯನ್ನು ಎಚ್‌ಆರ್‌ನವರಿಂದ ತೆಗೆಸಿಕೊಳ್ಳಿ.

ಈಗ ನೀವು ಮಾಡಬೇಕಾದ್ದು, ಅಂದರೆ ನೀವೇ. ಗಂಡನ ಕಾಯಿಲೆಗೆ ನಿಮಗಿಂತ ದೊಡ್ಡ ಸಾಕ್ಷಿ ಇಲ್ಲ. 21-10210 ಅಂತ ಒಂದು ಫಾರ್ಮ್ ಇದೆ, ಕಣ್ಣಾರೆ ಕಂಡವರು ತುಂಬಿ ಸಹಿ ಹಾಕುವುದು. ಡಾಕ್ಟರ್ ಅಲ್ಲದವರು ಕಾಯಿಲೆ ಏನು ಅಂತ ಹೇಳಲಾಗದೇ ಇರಬಹುದು, ಆದರೆ ಕಂಡದ್ದನ್ನು ಹೇಳಬಹುದು. ಅದನ್ನು ವಿಎ ತೂಗಿ ನೋಡಲೇಬೇಕು. ಬಹಳ ಜನ ಇದನ್ನು ಹೀಗೆ ಬರೆಯುತ್ತಾರೆ: ‘ನನ್ನ ಗಂಡ ತುಂಬಾ ತಲೆನೋವಿನಿಂದ ನರಳುತ್ತಾರೆ, ದಯವಿಟ್ಟು ಸಹಾಯ ಮಾಡಿ.’ ಇದರಲ್ಲಿ ಏನೂ ಇಲ್ಲ. ಹೀಗೆ ಬರೆಯಿರಿ: ‘ಮಾರ್ಚ್ 4, ಮಂಗಳವಾರ. ಸಂಜೆ ನಾಲ್ಕಕ್ಕೆ ಆಫೀಸಿನಿಂದ ಮುಂಚೆಯೇ ಬಂದರು. ಬಲಗಣ್ಣಿನ ಮೇಲೆ ಕೈ ಒತ್ತಿ ಹಿಡಿದಿದ್ದರು. ಪರದೆ ಎಳೆದು ಮಲಗಿದರು. ಒಗ್ಗರಣೆ ವಾಸನೆಗೆ ವಾಂತಿಯಾಯಿತು, ಒಲೆ ಆರಿಸಿದೆ. ಮಗಳಿಗೆ ಟಿವಿ ಹಾಕಬೇಡ ಅಂದೆ. ರಾತ್ರಿ ಊಟ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಎದ್ದರು, ಆಫೀಸಿಗೆ ಹೋಗಲಿಲ್ಲ. ಆ ತಿಂಗಳು ಇದು ಎರಡನೇ ಸಲ.’ ನೋಡಿ, ಇಲ್ಲಿ ದಿನಾಂಕ ಇದೆ, ಎಷ್ಟು ಹೊತ್ತು ಅಂತ ಇದೆ, ವಾಂತಿ ಇದೆ, ಬೆಳಕು ಸದ್ದು ಆಗದಿರುವುದು ಇದೆ, ಕೆಲಸ ತಪ್ಪಿದ್ದು ಇದೆ. ‘ಪ್ರಾಸ್ಟ್ರೇಟಿಂಗ್’ ಅನ್ನುವ ಪದವನ್ನು ನೀವು ಬಳಸಬೇಕಾಗಿಯೇ ಇಲ್ಲ, ಓದಿದವರಿಗೆ ತಾನಾಗಿ ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಬರೆದು ಕೊಡಬೇಕು, ಭಾಷೆ ಚೆಂದ ಇರಬೇಕು ಅಂತೇನಿಲ್ಲ. ಕಂಡದ್ದನ್ನು ಮಾತ್ರ ಬರೆಯಿರಿ. ನೆನಪಿಲ್ಲದ ದಿನಾಂಕವನ್ನು ಹುಟ್ಟಿಸಬೇಡಿ, ‘ಮಾರ್ಚ್ ಮೊದಲ ವಾರ’ ಅಂದರೂ ಸಾಕು.

ಅವರು ಇವತ್ತಿನಿಂದ ಒಂದು ಡೈರಿ ಇಡಲಿ. ಒಂದೇ ಡೈರಿಯಲ್ಲಿ ತಲೆ, ಹೊಟ್ಟೆ ಎರಡನ್ನೂ ಬರೆಯಬಹುದು. ತಲೆನೋವು ಶುರುವಾದ ಹೊತ್ತು, ಮಲಗಿದ ಹೊತ್ತು, ಎದ್ದ ಹೊತ್ತು, ಯಾವ ಮಾತ್ರೆ. ಹೊಟ್ಟೆಗೆ, ನೋವು ಬಂದ ದಿನ, ಎಷ್ಟು ಸಲ ಹೋದರು, ಹೇಗಿತ್ತು. ಐಬಿಎಸ್‌ಗೆ ಮೂರು ತಿಂಗಳ ಲೆಕ್ಕ ಕೇಳುತ್ತಾರಲ್ಲ, ಅದಕ್ಕೆ ಮೂರು ತಿಂಗಳ ಡೈರಿಯೇ ಉತ್ತರ. ಈ ಡೈರಿಯನ್ನು ಡಾಕ್ಟರಿಗೂ ತೋರಿಸಿ, ಅವರ ನೋಟ್ಸ್‌ನಲ್ಲಿ ಅದು ಸೇರಬೇಕು. ಇದು ಕ್ಲೇಮ್‌ಗಷ್ಟೇ ಅಲ್ಲ. ಐಬುಪ್ರೊಫೆನ್‌ನಂಥ ಮಾತ್ರೆ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಸುಮಾಟ್ರಿಪ್ಟಾನ್‌ನಂಥದ್ದು 10 ದಿನ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚಾಗುವುದಿದೆ. ಎಣಿಸದೇ ಇದ್ದರೆ ಅದು ಗೊತ್ತಾಗುವುದೇ ಇಲ್ಲ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಕ್ಲೇಮ್ ಪಕ್ಕಕ್ಕಿಡಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಅದು ಐಬಿಎಸ್ ಲಕ್ಷಣ ಅಲ್ಲ.

ಮೈಗ್ರೇನ್‌ಗೆ ಹೊಸ ಅರ್ಜಿ ಬೇಡ. 20-0995 ಫಾರ್ಮ್, ಸಪ್ಲಿಮೆಂಟಲ್ ಕ್ಲೇಮ್. ಮುಂಚೆ ನೋಡದೇ ಇದ್ದ ಸಾಕ್ಷಿ ಕೊಟ್ಟು ಮತ್ತೆ ನೋಡಿ ಅನ್ನುವುದು. ನಿಮ್ಮ ಹೇಳಿಕೆ, ಡೈರಿ, ರಜೆಯ ದಾಖಲೆ, ಔಷಧಿ ಅಂಗಡಿಯ ಪಟ್ಟಿ, ಎಲ್ಲವೂ ಹೊಸ ಸಾಕ್ಷಿಯೇ. ಪತ್ರದ ದಿನಾಂಕದಿಂದ ಒಂದು ವರ್ಷದೊಳಗೆ ಹಾಕಿದರೆ ಮೊದಲ ಅರ್ಜಿಯ ದಿನಾಂಕ ಉಳಿಯುತ್ತದೆ, ಗೆದ್ದರೆ ಬಾಕಿ ಹಣ ಅಲ್ಲಿಂದ ಬರುತ್ತದೆ. ನಾನು ಐದು ತಿಂಗಳು ಅಂದದ್ದು ಇದಕ್ಕೇ. ಹೈಯರ್ ಲೆವೆಲ್ ರಿವ್ಯೂ ಅಂತ ಇನ್ನೊಂದು ದಾರಿ ಇದೆ, ಅದರಲ್ಲಿ ಹೊಸ ಸಾಕ್ಷಿ ಕೊಡುವ ಹಾಗಿಲ್ಲ, ನಿಮಗೆ ಸರಿಹೋಗುವುದಿಲ್ಲ. ಮೂರು ತಿಂಗಳು ಡೈರಿ ಬರೆದು, ನಾಲ್ಕನೇ ತಿಂಗಳಲ್ಲಿ ಹಾಕಿ. ಕೊನೇ ವಾರದವರೆಗೆ ಕಾಯಬೇಡಿ.

ಹಣದ ಲೆಕ್ಕ ಕೇಳಿದ್ದೀರಿ. ವಿಎ ಶೇಕಡಾವಾರುಗಳನ್ನು ಕೂಡಿಸುವುದಿಲ್ಲ, ಇದು ಎಲ್ಲರನ್ನೂ ತಬ್ಬಿಬ್ಬು ಮಾಡುತ್ತದೆ. ಪೂರ್ತಿ ಆರೋಗ್ಯ 100 ಅಂತ ಇಟ್ಟುಕೊಳ್ಳಿ. ಮೈಗ್ರೇನ್ 30 ಹೋಯಿತು, ಉಳಿದದ್ದು 70. ಐಬಿಎಸ್‌ನ 30 ಅನ್ನು ಆ 70ರಲ್ಲಿ ತೆಗೆಯಬೇಕು, ಅಂದರೆ 21. ಒಟ್ಟು 51, ಹತ್ತಿರದ ಹತ್ತಕ್ಕೆ ತಂದರೆ 50. ಆದರೆ ಅವರಿಗೆ ಕಿವಿಯ 10 ಇದೆಯಲ್ಲ, ಅದು ಉಳಿದ 49ರಲ್ಲಿ 4.9, ಒಟ್ಟು 56, ಅದು 60 ಆಗುತ್ತದೆ. ಸಣ್ಣದು ಅಂತ ಬಿಟ್ಟ ಆ 10 ಇಲ್ಲಿ ಒಂದು ಮೆಟ್ಟಿಲು ಹತ್ತಿಸಿತು. ಮೈಗ್ರೇನ್‌ಗೆ 50 ಸಿಕ್ಕರೆ ಮೂರೂ ಸೇರಿ 69, ಅಂದರೆ 70. 2024ರ ಡಿಸೆಂಬರ್ 1ರಿಂದ ಒಂದು ವರ್ಷ ಇದ್ದ ದರದಲ್ಲಿ ಒಂಟಿ ವ್ಯಕ್ತಿಗೆ 10ಕ್ಕೆ ತಿಂಗಳಿಗೆ 175.51 ಡಾಲರ್, 60ಕ್ಕೆ 1,395.93, 70ಕ್ಕೆ 1,759.19 ಇತ್ತು. ಬೆಲೆ ಏರಿಕೆ ನೋಡಿ ಈ ದರವನ್ನು ಡಿಸೆಂಬರ್‌ಗೆ ಪರಿಷ್ಕರಿಸುತ್ತಾರೆ. ಆದಾಯ ತೆರಿಗೆ ಇಲ್ಲ. ಒಟ್ಟು 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಂಡತಿ ಮಕ್ಕಳಿಗೂ ಸೇರಿಸಿ ಜಾಸ್ತಿ ಕೊಡುತ್ತಾರೆ. ಮೈಸೂರಿನಲ್ಲಿರುವ ಅತ್ತೆ ಮಾವ ನಿಮ್ಮವರ ದುಡ್ಡಿನ ಮೇಲೆಯೇ ಬದುಕುತ್ತಿದ್ದರೆ, ಅವಲಂಬಿತ ತಂದೆ ತಾಯಿ ಅಂತ ಅವರನ್ನೂ ಸೇರಿಸಲು ಕೇಳಬಹುದು, ಅದಕ್ಕೆ 21ಪಿ-509 ಫಾರ್ಮ್. ಇದು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಇದನ್ನೆಲ್ಲ ಒಬ್ಬರೇ ಮಾಡಬೇಡಿ. ಡಿಎವಿ, ವಿಎಫ್‌ಡಬ್ಲ್ಯೂ, ಅಮೆರಿಕನ್ ಲೀಜನ್ ಇಂಥ ಸಂಸ್ಥೆಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಉಚಿತವಾಗಿ ಮಾಡಿಕೊಡುತ್ತಾರೆ. ‘ರೇಟಿಂಗ್ 100 ಮಾಡಿಸಿಕೊಡ್ತೀವಿ, ಹೆಚ್ಚಾದ ಹಣದಲ್ಲಿ ಐದಾರು ತಿಂಗಳದ್ದು ನಮಗೆ ಕೊಡಿ’ ಅನ್ನುವವರ ಫೋನ್ ಬಂದರೆ ಇಟ್ಟುಬಿಡಿ. ಮೊದಲ ಅರ್ಜಿ ತಯಾರಿಸಲು ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ. ಮೊದಲ ನಿರ್ಧಾರ ಬಂದ ಮೇಲೆ ಮಾನ್ಯತೆ ಇರುವ ವಕೀಲರು, ಏಜೆಂಟರು ಮಾತ್ರ ಶುಲ್ಕ ಕೇಳಬಹುದು, ಅದೂ ಬಾಕಿ ಹಣದ ಶೇಕಡಾ 20ರವರೆಗೆ ಇದ್ದರೆ ನ್ಯಾಯವಾದದ್ದು ಅಂತ ಲೆಕ್ಕ.

ಕೊನೆಯದು ಡಿಸೆಂಬರ್ ಪ್ರಯಾಣ. ಅರ್ಜಿ ಹಾಕಿದ ಮೇಲೆ ಮತ್ತೆ ಪರೀಕ್ಷೆಗೆ ಕರೆಯುತ್ತಾರೆ, ಸಿ ಆ್ಯಂಡ್ ಪಿ ಪರೀಕ್ಷೆ. ವಿಎ ಪರವಾಗಿ ಹೊರಗಿನ ಕಂಪನಿಯವರು ಫೋನ್ ಮಾಡಬಹುದು, ಗುರುತಿಲ್ಲದ ನಂಬರ್ ಅಂತ ಎತ್ತದೇ ಇರಬೇಡಿ. ಸರಿಯಾದ ಕಾರಣವಿಲ್ಲದೆ ಪರೀಕ್ಷೆ ತಪ್ಪಿಸಿದರೆ ಹೊಸ ಕ್ಲೇಮನ್ನು ಕೈಯಲ್ಲಿರುವ ಕಾಗದದ ಮೇಲೆಯೇ ತೀರ್ಮಾನಿಸುತ್ತಾರೆ, ಮತ್ತೆ ತೆಗೆಸಿದ ಕ್ಲೇಮ್ ಅಲ್ಲಿಗೇ ತಿರಸ್ಕಾರ ಆಗಬಹುದು. ಅದಕ್ಕೇ ಹೊರಡುವ ಮುಂಚೆ 1-800-827-1000ಕ್ಕೆ ಫೋನ್ ಮಾಡಿ ಯಾವ ದಿನದಿಂದ ಯಾವ ದಿನದವರೆಗೆ ಊರಲ್ಲಿರುವುದಿಲ್ಲ ಅಂತ ಹೇಳಿ, ಅದನ್ನೇ ಬರೆದೂ ಕಳಿಸಿ. ಪರೀಕ್ಷೆಯ ದಿನ ಗೊತ್ತಾಗಿಬಿಟ್ಟಿದ್ದರೆ ಆ ದಿನಕ್ಕಿಂತ ಮುಂಚೆಯೇ ಬೇರೆ ದಿನ ಕೇಳಿ. ಮೈಸೂರಿನಲ್ಲಿ ತಲೆನೋವಿಗೆ ಡಾಕ್ಟರ ಹತ್ತಿರ ಹೋದರೆ ಚೀಟಿ, ಬಿಲ್ಲು ಎರಡನ್ನೂ ಇಟ್ಟುಕೊಳ್ಳಿ. ಚೀಟಿ ಸಾಕ್ಷಿಯಾಗುತ್ತದೆ. ಬಿಲ್ಲಿನ ಹಣ ಕೇಳಲು ವಿಎದ ಫಾರಿನ್ ಮೆಡಿಕಲ್ ಪ್ರೋಗ್ರಾಂ ಇದೆ. ಸೇವೆಗೆ ಸಂಬಂಧಪಟ್ಟದ್ದು ಅಂತ ಒಪ್ಪಿದ ಕಾಯಿಲೆ ಆಗಿದ್ದರೆ ಸಾಕು, ರೇಟಿಂಗ್ 0 ಇದ್ದರೂ ಕೇಳಬಹುದು. ಹೋಗುವ ಮುಂಚೆಯೇ ಅದಕ್ಕೆ ಹೆಸರು ನೋಂದಾಯಿಸಿಕೊಳ್ಳಿ. ಪರೀಕ್ಷೆಯ ದಿನ ನೀವೂ ಜೊತೆಗೆ ಹೋಗಿ, ಡಾಕ್ಟರ್ ಒಳಗೆ ಬಿಟ್ಟರೆ ಪಕ್ಕದಲ್ಲೇ ಕೂತಿರಿ. ಅವರು ‘ಪರವಾಗಿಲ್ಲ’ ಅಂದ ತಕ್ಷಣ ಡೈರಿ ತೆಗೆದು ಕೈಗೆ ಕೊಡಿ.